ಹೊಳೆಯಾಚೆ ಏಳು ದಿನ

ತಾಜಬಿ ತನ್ನ ಸ್ವಂತ ಮನೆಯ ಹೊಸ್ತಿಲಲ್ಲೂ ಒಮ್ಮೆ ನಿಲ್ಲುತ್ತಿದ್ದಳು. ಬಲಗಾಲು ನೆಲದಿಂದ ಎರಡು ಬೆರಳು ಮೇಲೆದ್ದು, ಯಾರದೋ ಅಪ್ಪಣೆಗೆ ಕಾದಂತೆ ಗಾಳಿಯಲ್ಲೇ ಕ್ಷಣಕಾಲ ತಡೆದು, ಆಮೇಲೆ ಒಳಗಿಳಿಯುತ್ತಿತ್ತು, "ಒಳಗ ಬರ್ಲೇನ್ರಿ?" ಎಂಬ ಮಾತು ಅಷ್ಟರಲ್ಲಿ ತುಟಿಗೆ ಬಂದಿರುತ್ತಿತ್ತು. ಉಗಾರದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದು ದಣಿದು ಕುಳಿತ ಗಂಡ ಉಸ್ಮಾನ ತಲೆಯೆತ್ತದೆಯೇ, "ನಿನ್ನ ಮನೀನ ಐತಿ, ಬಾ" ಎನ್ನುತ್ತಿದ್ದ. ಮೂವತ್ತು ವರ್ಷ ಈ ಸಂಭಾಷಣೆ ಕೇಳಿ ಕೇಳಿ, ಜುಗೂಳ ಊರಿನಲ್ಲಿ ಅದಕ್ಕೆ ನಗುತ್ತಿದ್ದವರೂ ನಗುವುದನ್ನು ಮರೆತಿದ್ದರು.

ಆಕೆ ಹುಟ್ಟಿದ್ದು ಕರಾಚಿಯಲ್ಲಿ. ದೇಶ ಇಬ್ಭಾಗವಾದ ಕಾಲಕ್ಕೆ ಈ ಸೀಮೆಯಿಂದ ಹೋದ ಅಜ್ಜನ ಹಳೆಯ ನಂಟು ಹಿಡಿದು, ಹತ್ತೊಂಬತ್ತರ ಪ್ರಾಯದಲ್ಲಿ ಉಸ್ಮಾನನ ಕೈಹಿಡಿದು, ಗಡಿಯ ರೈಲು ಹತ್ತಿ ಕೃಷ್ಣೆಯ ದಂಡೆಗೆ ಬಂದಿಳಿದಳು. ಕನ್ನಡ ಕಲಿಸಿದವಳು ಪಕ್ಕದ ಮನೆಯ ಮಲಕವ್ವ. ಹೀಗಾಗಿ ತಾಜಬಿಯ ಕನ್ನಡಕ್ಕೆ ಹಸಿ ಮಣ್ಣಿನ, ಕಬ್ಬಿನ ಒಣಗರಿಯ ರವದಿಯ ವಾಸನೆಯಿತ್ತು, ಎಣಿಕೆಯೊಂದು ಮಾತ್ರ ಕೊನೆಯವರೆಗೂ ಉರ್ದುವಿನಲ್ಲೇ ಉಳಿಯಿತು. ಸಮುದ್ರವನ್ನು ಬಣ್ಣಿಸಲು ಹೊರಟ ಆಕೆಯನ್ನು ಮಲಕವ್ವ ಒಮ್ಮೆ ತಡೆದು, "ಅದರ ಆಚಿ ದಂಡ್ಯಾಗ ಯಾವ ಊರೈತಿಬೇ?" ಎಂದು ಕೇಳಿದ್ದಳು. ತಾಜಬಿ ಬಹಳ ಹೊತ್ತು ಯೋಚಿಸಿ, "ಅದಕ್ಕ ಆಚಿ ದಂಡೀನ ಇಲ್ಲವ್ವಾ" ಎಂದಳಂತೆ. ಆಕೆಯ ಕನಸುಗಳಲ್ಲಿ ಆ ಸಮುದ್ರ ಮೆಲ್ಲಗೆ ಸರಿದು ಬಂದು ಜುಗೂಳದ ಕಬ್ಬಿನ ಬುಡ ನೆನೆಸುತ್ತಿತ್ತು. ಎಂದೋ ತೀರಿಹೋದ ತಾಯಿ ತುಂಬಿದ ಕೊಡ ಹೊತ್ತು, ಅಚ್ಚ ಕನ್ನಡದಲ್ಲಿ ಮಾತಾಡುತ್ತ ಎದುರಾಗುತ್ತಿದ್ದಳು.

ಎಚ್ಚರದ ಬದುಕು ಮಾತ್ರ ಒಂದು ಕಾಗದದ ಮೇಲೆ ನಿಂತಿತ್ತು. ದೀರ್ಘಾವಧಿ ವೀಸಾದ ಆ ಹಾಳೆಯಲ್ಲಿ ವಾಸದ ಊರೆಂದು ಜುಗೂಳದ ಹೆಸರಿತ್ತು. ಅದರಾಚೆ ಹೋಗಬೇಕಾದರೆ ಬೆಳಗಾವಿಯಿಂದ ಪರವಾನಗಿ ಬರಬೇಕು, ಅದಿಲ್ಲದೆ ದಾಟುವುದಿಲ್ಲವೆಂದು ಆಕೆ ಸಹಿ ಮಾಡಿಕೊಟ್ಟಿದ್ದಳು. ಪ್ಲಾಸ್ಟಿಕ್ ಸುತ್ತಿದ ಕಾಗದವನ್ನು ಉಸ್ಮಾನನ ಹಳೆಯ ಖಾಕಿ ಕೋಟಿನ ಒಳಜೇಬಿನಲ್ಲಿಟ್ಟು, ಸುಡುಬೇಸಿಗೆಯಲ್ಲೂ ಸೀರೆಯ ಮೇಲೆ ಆ ಕೋಟನ್ನು ತೊಟ್ಟೇ ತಿರುಗುವಳು. ಇಲ್ಲಿ ಏಳು ವರ್ಷ ಬಾಳಿದ ಸೊಸೆ ನಾಗರಿಕತ್ವ ಕೇಳುವ ಹಾದಿ ಕಾನೂನಿನಲ್ಲೇ ಇದೆಯೆಂದು ಕಾಗವಾಡದ ಶ್ರೇಣಿಕ ವಕೀಲರು ತಿಳಿಸುವ ಹೊತ್ತಿಗೆ ಮಗಳು ಸುಮಯ್ಯಾ ಸಾಲೆ ಮುಗಿಸಿದ್ದಳು. ಅರ್ಜಿ ಹೋಯಿತು. ಹುಟ್ಟಿದ ದೇಶವನ್ನು ಬಿಟ್ಟೆನೆಂಬ ಪತ್ರ ಬೇಕಾಯಿತು. ಅದು ಬರುವಷ್ಟರಲ್ಲಿ ಮತ್ತೊಂದು ಪತ್ರದ ಅವಧಿ ಮುಗಿಯಿತು. ತಾಜಬಿ ಬೇಸರಿಸದೆ ಮತ್ತೆ ಬರೆಸಿದಳು.

ಇದರ ನಡುವೆ ಸುಮಯ್ಯಾ ಮದುವೆಯಾಗಿ, ಹೊಳೆಯ ಆಚೆ ದಂಡೆಯ ಊರಿಗೆ ಹೋದಳು. ಆ ದಂಡೆ ಮಹಾರಾಷ್ಟ್ರ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳಿಗೆ ಡಾಕ್ಟರು ಹಾಸಿಗೆ ಬಿಟ್ಟೇಳಬೇಡವೆಂದರು. ತಾಯಿಯೇ ಹೋಗಬೇಕೆಂದಾಯಿತು, ತಾಜಬಿ ದಿನ ಲೆಕ್ಕಹಾಕಿ ಪರವಾನಗಿಗೆ ಬರೆದುಕೊಂಡಳು. ಕೂಸು ಯಾರ ಲೆಕ್ಕಕ್ಕೂ ಕಾಯದೆ ಮೂರು ವಾರ ಮೊದಲೇ ಹುಟ್ಟಿತು.

ಮರುದಿನ ಮುಂಜಾನೆ ಆಕೆ ಹೊಳೆಯ ದಂಡೆಗೆ ಬಂದಾಗ ನೀರಿನ ಮೇಲೆ ಮಂಜು ಹಾಲಿನ ಕೆನೆಯಂತೆ ಹರಡಿತ್ತು. ಮಂಜು ಕರಗುತ್ತ ಬಂದಂತೆ ಆಚೆ ದಂಡೆಯಲ್ಲಿ ಅಳಿಯ ಇಮ್ರಾನ ಕೆಂಪು ದುಪ್ಪಟಿಯ ಗಂಟೊಂದನ್ನು ಎದೆಗೊತ್ತಿ ನಿಂತದ್ದು ಕಾಣಿಸಿತು. ಅವ್ವ ದೂರದಿಂದಲಾದರೂ ನೋಡಲೆಂದು ಸುಮಯ್ಯಾ ಕೂಸನ್ನು ಕಳಿಸಿದ್ದಳು.

ಅಂಬಿಗ ಭೀಮಸಿ ದೋಣಿಯನ್ನು ಆಕೆಯ ಪಾದದವರೆಗೂ ತಂದ. "ಹತ್ರಿ ಚಾಚಿ. ಹೋಗಿ ಮುಖ ನೋಡಿ ಬಂದಬಿಡೂಣು. ಇಲ್ಲಿ ಯಾರ್ ನೋಡ್ತಾರ?"

ತಾಜಬಿ ದೋಣಿಯ ಅಂಚು ಹಿಡಿದಳು.

"ಯಾರೂ ನೋಡಂಗಿಲ್ಲಪ್ಪಾ," ಎಂದಳು. "ಆದ್ರ ದಾಟಂಗಿಲ್ಲಂತ ಸಹಿ ಮಾಡಿದಾಕಿ ನಾನ ಅದೇನಿ."

ಕೈ ಬಿಟ್ಟಳು. ಆಮೇಲೆ ಮೊಣಕಾಲವರೆಗೆ ನೀರಿಗಿಳಿದು, "ಕೂಸಿನ ತಲಿ ಮುಚ್ಚೋ, ತಂಡಿ ಐತಿ" ಎಂದು ಕೂಗಿದಳು. ಇಮ್ರಾನನಿಗೆ ಕೇಳಿಸಲಿಲ್ಲ, ಇನ್ನೂ ಕಾಣಲೆಂದು ಅವನು ಕೂಸನ್ನು ಮತ್ತಷ್ಟು ಮೇಲೆತ್ತಿ ಹಿಡಿದ. ಆಕೆ ಕೂಗುತ್ತಲೇ ಇದ್ದಳು, ಅವನು ಎತ್ತುತ್ತಲೇ ಇದ್ದ. ಭೀಮಸಿ ಮುಖ ಆಚೆ ತಿರುಗಿಸಿ ಹಗ್ಗ ಸುತ್ತತೊಡಗಿದ.

ಮೂರನೆಯ ದಿನ ಪರವಾನಗಿ ಬಂತು: ಏಳು ದಿನ. ತಾಜಬಿ ಹೋಗಿ ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿ, ಮಗಳಿಗೆ ಬಾಣಂತನದ ಖಾರ ಉಣಿಸಿ, ಆರನೆಯ ದಿನವೇ ಮರಳಿದಳು. ಏಳನೆಯ ದಿನ ಹೊಳೆ ಏರಿ ದೋಣಿ ನಿಂತರೆ ಏನು ಗತಿಯೆಂಬ ಭಯ ಆಕೆಗೆ. ಮಾಘಮಾಸದಲ್ಲಿ ಕೃಷ್ಣೆ ಏರುವುದುಂಟೇ ಎಂದು ಯಾರೂ ಕೇಳಲಿಲ್ಲ.

ಮೊಮ್ಮಗಳಿಗೆ ನಾಲ್ಕು ತುಂಬಿದ ಮೇಲೆ, ಕಳೆದ ವರ್ಷ, ನಾಗರಿಕತ್ವದ ಪ್ರಮಾಣವಚನಕ್ಕೆ ಕರೆ ಬಂತು. ಹಿಂದಿಯಲ್ಲಾದರೂ ಓದಬಹುದೆಂದು ಅಧಿಕಾರಿ ಹೇಳಿದರೂ ತಾಜಬಿ ಕನ್ನಡದ ಹಾಳೆಯನ್ನೇ ಕೇಳಿ ಪಡೆದು, ಸಂವಿಧಾನವೆಂಬ ಪದದ ಬಳಿ ಎರಡು ಸಲ ತಡವರಿಸಿ, ಮೊದಲಿನಿಂದ ಮತ್ತೆ ಓದಿದಳು.

ಮರುದಿನ ಆಕೆ ಹೊಳೆಗೆ ಬಂದಳು. ಭೀಮಸಿ ದೋಣಿ ತೊಳೆದು, ಕೂರಲು ಚೀಲ ಹಾಸಿ ಕಾದಿದ್ದ. ತಾಜಬಿ ದಂಡೆಯ ಕಲ್ಲಿನ ಮೇಲೆ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟಳು.

"ಬರ್ರಿ ಚಾಚಿ, ಹೋಗೂಣು."

"ಇವತ್ತ ಹೋಗಬೇಕಂತ ಏನೈತಿ?" ಎಂದಳು ಆಕೆ, ಆಚೆ ದಂಡೆಯನ್ನು ನೋಡುತ್ತ. "ನಾಳಿ ಹೋದ್ರೂ ನಡೀತೈತಿ."

ಕಾನೂನಿನ ಹಾದಿಯಲ್ಲಿ ನಡೆದು ಬಂದು ಒಂದು ನಾಡನ್ನು ಸೇರುವ ಇಂಥವರು ಗದ್ದಲದವರಲ್ಲ. ಒಲೆ ಹೊತ್ತಿಸಿ, ನೆರೆಯವರಿಗೆ ಪಲ್ಯ ಕೊಟ್ಟು, ಮಕ್ಕಳ ಮದುವೆ ಮಾಡಿ, ನಮ್ಮ ನಡುವೆಯೇ ಇದ್ದುಕೊಂಡು ಅವರು ಕಾಯುತ್ತಿರುವುದು ನಮಗೆ ಗೊತ್ತೇ ಆಗುವುದಿಲ್ಲ. ಆಯುಷ್ಯದ ಬಹುಪಾಲು ಹಾಗೆ ಸವೆದಿರುವುದರಿಂದಲೇ ಇರಬೇಕು, ಏನನ್ನೂ ಕಾಯದೆ ಒಂದು ಮಧ್ಯಾಹ್ನ ನೀರಿನ ಬದಿಗೆ ಸುಮ್ಮನೆ ಕೂರುವ ಸುಖ ಎಂಥದೆಂದು ಅವರಷ್ಟು ಬಲ್ಲವರು ಯಾರೂ ಇಲ್ಲ.