ಕಂಪ್ರೆಸರಿಗೆ ಮೇಣ ಮೆತ್ತಿದ ನೀಲಗಂಗವ್ವ

ನೀಲಗಂಗವ್ವನ ಮನೆಯಲ್ಲಿ ಯಾವ ವಸ್ತುವೂ ಬಹಳ ದಿನ ಸೋರುವುದಿಲ್ಲ. ಬಕೆಟ್ ಸೀಳಲಿ, ಕೊಡ ತೂತಾಗಲಿ, ಹಲಸಿನ ಮೇಣ ಸುತ್ತಿದ ಕಡ್ಡಿ ಗೂಡಿನಿಂದ ಕೆಳಗಿಳಿಯುತ್ತದೆ. ಕೆಂಡಕ್ಕೆ ಹಿಡಿದು, ಮೆತ್ತಿ, ಹೆಬ್ಬೆರಳಿನಿಂದ ಒತ್ತಿದರೆ ಮುಗಿಯಿತು.

ಮಗ ಸದಾಶಿವ ಬನವಾಸಿ ಹತ್ತಿರದ ತಮ್ಮ ಊರಿನಲ್ಲಿ ತೊಟ್ಟಿಲು ಮಾಡುತ್ತಾನೆ. ಬ್ರಶ್ಶಿನಿಂದ ಪಾಲಿಶ್ ಹೊಡೆದರೆ ಗೆರೆ ಉಳಿಯುತ್ತದೆಂದು, ಪಾಲಿಶ್ ಸಿಂಪಡಿಸಲು ಮುಚ್ಚಿಹೋದ ಗ್ಯಾರೇಜಿನಿಂದ, ಟ್ಯಾಂಕಿಗೆ ಗಾಳಿ ಒತ್ತಿ ತುಂಬುವ ಹಳೆಯ ಕಂಪ್ರೆಸರ್ ತಂದು ಹಿತ್ತಿಲ ಕೋಣೆಯಲ್ಲಿ ಇಟ್ಟಿದ್ದ. ಬಸುರಿಯಾದ ತಂಗಿ ಮಮತಾಳ ಕೂಸಿಗೆಂದು ಕೆತ್ತಿದ ತೊಟ್ಟಿಲು ಕನ್ನಡಿಯಂತೆ ಹೊಳೆಯಬೇಕು ಎಂಬುದು ಅವನ ಆಸೆ.

ಆದರೆ ಯಂತ್ರ ಸ್ವಲ್ಪ ಹೊತ್ತು ಓಡಿದರೆ ಟ್ಯಾಂಕಿನ ಮೇಲಿನ ಪುಟ್ಟ ಹಿತ್ತಾಳೆ ವಾಲ್ವು ಸುಸ್ಸೆಂದು ಗಾಳಿ ಬಿಡುತ್ತಿತ್ತು.

“ಗಾಳಿ ಎಲ್ಲಾ ಸೋರಿ ಹೊಂಟೈತಲ್ಲೋ ಸದಾಶಿವಾ!”

“ಹಳೇದು ಬೇ ಅವ್ವಾ. ಹಂಗ ಇರತೈತಿ.”

ಮಗನ ಕರೆಂಟು ದಂಡವಾಗುವುದನ್ನು ನೋಡಲಾರದೆ, ಒಂದು ಮುಂಜಾನೆ ಅವ್ವ ಮೇಣ ಮೆತ್ತಿಯೇ ಬಿಟ್ಟಳು. ಸದಾಶಿವ ಯಂತ್ರ ಚಾಲೂ ಮಾಡಿದ. ಸುಸ್ಸೆನ್ನುವುದು ನಿಂತಿತ್ತು.

ಸ್ವಲ್ಪ ಹೊತ್ತಿಗೆ ಶಿರಸಿಯ ಬಸ್ಸಿಳಿದು ಮಮತಾ ಬಂದಳು. ಅವಳು ಐಟಿಐಯಲ್ಲಿ ಕಲಿಸುವವಳು. ಹಿತ್ತಿಲ ಕೋಣೆಯ ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು. ಟ್ಯಾಂಕಿನ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು.

“ಅಣ್ಣಾ, ಹೊರಗಿನ ಮೇನ್ ಸ್ವಿಚ್ ಬಂದ್ ಮಾಡು! ವೈನಿ, ಅವ್ವನ್ನ ಕರಕೊಂಡು ಅಂಗಳಕ್ಕ ನಡೀರಿ!”

ಸೊಸೆ ದಾಕ್ಷಾಯಿಣಿ ಅತ್ತೆಯ ಕೈಹಿಡಿದು ಹೊರಟಳು. ಉದ್ದನೆಯ ಪೈಪು ಅಂಗಳದವರೆಗೆ ಬಂದಿತ್ತು. ಸ್ವಿಚ್ ಬಂದ್ ಮಾಡಿದ ಸದಾಶಿವ ಅದರ ತುದಿಯ ಸ್ಪ್ರೇ ಗನ್ ಒತ್ತಿ ದೂರದಿಂದಲೇ ಗಾಳಿ ಖಾಲಿ ಮಾಡಿದ.

“ಆ ವಾಲ್ವಿಗೆ ಮೇಣ ಹಚ್ಚಿದವರು ಯಾರು?” ಮಮತಾ ಕೇಳಿದಳು.

“ನಾನ! ಸೋರತಿತ್ತು. ಛಲೋ ಕೂತೈತಿಲ್ಲ?” ನೀಲಗಂಗವ್ವ ಹೆಮ್ಮೆಯಿಂದ ಕೇಳಿದಳು.

ಮಮತಾ ಬೈಯಲಿಲ್ಲ. ಅವ್ವನ ಪಕ್ಕ ಕುಳಿತಳು. “ಕುಕ್ಕರಿನ ಸೀಟಿಗೆ ಮೇಣ ಮೆತ್ತತೀಯೇನ ಬೇ?”

“ಹುಚ್ಚೀನ ನೀನು? ಸಿಡೀತೈತಿ!”

“ಇದೂ ಹಂಗ. ಒಳಗ ಒತ್ತಡ ಜಾಸ್ತಿ ಆತು, ಬಿಡ್ರಿ ಅಂತ ಅದು ಒದರತಿತ್ತು. ನೀ ಅದರ ಬಾಯಿ ಮುಚ್ಚೀದಿ.”

ನೀಲಗಂಗವ್ವ ಹಿತ್ತಿಲ ಕೋಣೆ ನೋಡಿದಳು. ಅದರ ಗೋಡೆಗೆ ಆತುಕೊಂಡೇ ತೊಟ್ಟಿಲು ಇತ್ತು. ಮಗಳ ಹೊಟ್ಟೆ ನೋಡಿದಳು.

ಮಮತಾ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದಾಗ ಕೆಂಪು ನೀರಿನ ಜೊತೆ ತುಕ್ಕಿನ ಚಕ್ಕೆ ಬಿತ್ತು.

“ಗಾಳಿಯೊಳಗಿನ ತೇವ ನೀರಾಗಿ ತಳದಾಗ ನಿಲ್ಲತೈತಿ,” ಎಂದಳು ಮಮತಾ. “ನಮ್ಮ ಕಡೆ ಮಳಿಗಾಲದಾಗಂತೂ ಕೇಳೋದ ಬ್ಯಾಡ.”

“ವೆಲ್ಡಿಂಗ್ ಮಾಡಿಸಿದರ?” ಸದಾಶಿವನಿಗೆ ಅದನ್ನು ಬಿಡಲು ಇನ್ನೂ ಮನಸ್ಸಿರಲಿಲ್ಲ.

“ತುಕ್ಕು ತಿಂದು ಎಲ್ಲೆಲ್ಲಿ ತೆಳ್ಳಗಾಗೈತೋ ಹೊರಗ ಕಾಣಂಗಿಲ್ಲಣ್ಣಾ. ಗುಜರಿಗೆ ಹಾಕು.”

“ಹಂಗಾರ ದೊಡ್ಡ ಮೋಟಾರಿಂದು ತರತೇನಿ.”

“ಮೋಟಾರು ಆಮ್ಯಾಲೆ. ಮೊದಲ ನಿನ್ನ ಗನ್ನಿಗೆ ನಿಮಿಷಕ್ಕ ಎಷ್ಟು ಗಾಳಿ ಬೇಕು ಕೇಳು. ಅದಕ್ಕಿಂತ ತುಸು ಜಾಸ್ತಿ ಕೊಡೋದು ತಗೋ. ಟ್ಯಾಂಕ್ ಪರೀಕ್ಷೆ ಆಗೈತಿ ಅಂತ ಬರದ ತಗಡು ಮ್ಯಾಲೆ ಇರಬೇಕು.”

“ಮಾಸ್ತರಿಣಿ ಬಂದಳಪಾ!” ಎಂದು ಸದಾಶಿವ ನಕ್ಕ. ಆದರೆ ಅವಳು ಹೇಳಿದಂಥದ್ದನ್ನೇ ತಂದ.

ಹೊಸ ಯಂತ್ರ ಹಿತ್ತಿಲ ಕೋಣೆ ಸೇರಲಿಲ್ಲ. ಗಾಳಿಯಾಡುವ ಮಾಡಿನ ಕೆಳಗೆ, ಸಮ ನೆಲದಲ್ಲಿ, ಗೋಡೆಯಿಂದ ಜಾಗ ಬಿಟ್ಟು ಕೂತಿತು. ಪಾಲಿಶಿನ ಆವಿ ಬೇಗ ಬೆಂಕಿ ಹಿಡಿಯುತ್ತದೆಂದು, ಪಾಲಿಶ್ ಹೊಡೆಯುವ ಜಾಗ ದೂರವಾಯಿತು. ಎಕ್ಸ್‌ಟೆನ್ಶನ್ ವಯರಿನ ಬದಲು, ಅರ್ಥಿಂಗ್ ಇರುವ ಬೇರೆಯೇ ಪಾಯಿಂಟನ್ನು ವಯರಿಂಗಿನವರಿಂದ ಹಾಕಿಸಿದರು. ಸದಾಶಿವ ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಹಾಕಿಕೊಂಡ. ಮೈಮೇಲಿನ ಮರದ ಹೊಟ್ಟು ಊದಿ ತೆಗೆಯಲು ಪೈಪನ್ನು ತನ್ನತ್ತ ತಿರುಗಿಸಿದಾಗ ದಾಕ್ಷಾಯಿಣಿ ಗದರಿದಳು: “ಅದು ಬೀಸಣಿಗಿ ಅಲ್ರಿ! ಕಣ್ಣ ಹೋದಾವು!”

ಈಗ ಸಂಜೆ ಕೆಲಸ ಮುಗಿದು ಸ್ವಿಚ್ ಆರಿಸಿ ಮಗ ಒತ್ತಡ ಇಳಿಸಿದ ಮೇಲೆ, ನೀಲಗಂಗವ್ವ ಡಬ್ಬಿ ಹಿಡಿದು ಬರುತ್ತಾಳೆ.

“ಆಕಳ ಹಾಲು ಕರದಾತು. ಇನ್ನ ಇದನ್ನ ಕರೀತೇನಿ,” ಎನ್ನುತ್ತ ತಳದ ನಲ್ಲಿ ತಿರುಗಿಸಿ ನೀರಿಳಿಸುತ್ತಾಳೆ. ಮೇಣದ ಕಡ್ಡಿ ಗೂಡಿನಲ್ಲೇ ಇದೆ, ಬಕೆಟ್ಟಿಗೆ.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಕಂಪ್ರೆಸರ್ ಇದ್ದರೆ ಇವತ್ತೇ ಹೋಗಿ ನೋಡಿ. ಅದರ ವಾಲ್ವಿಗೆ ಮೇಣ, ಮೊಳೆ, ದಾರ ಯಾವುದೂ ಬೇಡ. ಸುಸ್ಸೆಂದರೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ. ದಿನವೂ ನೀರಿಳಿಸಿ. ತುಕ್ಕು ಹಿಡಿದ ಟ್ಯಾಂಕಿನ ಮೇಲೆ ಮಮತೆ ಬೇಡ; ಆ ಮಮತೆ ಅದರ ಪಕ್ಕದಲ್ಲಿ ಆಡುವ ಮಕ್ಕಳ ಮೇಲಿರಲಿ.