ಹಗ್ಗ ಹಿಡಿದ ಮರಿಗಳು

ಗಾಳಿ ಕೊಳವೆಯ ಗುಳುಗುಳು ಸದ್ದು ಇವತ್ತು ಯಾಕೋ ನಕ್ಕ ಹಾಗೆ ಕೇಳಿಸುತ್ತಿದೆ, ಅಥವಾ ಅದು ನನ್ನ ಹೊಟ್ಟೆಯ ಸದ್ದೇ ಇರಬೇಕು, ಬೆಳಗಿನಿಂದ ಬರೀ ಚಹಾ — ಅಕ್ಕ ತೊಟ್ಟಿಯ ಅಂಚಿಗೆ ಬಗ್ಗಿದ್ದಾಳೆ, ಮೊಣಕೈವರೆಗೂ ಒದ್ದೆ, ಮೊದಲನೆಯ ತೊಟ್ಟಿಯ ಹಗ್ಗ ಎತ್ತುತ್ತಿದ್ದಾಳೆ, ನನಗೆ ನೋಡುವ ಧೈರ್ಯವಿಲ್ಲ, ಗೋಡೆ ನೋಡುತ್ತೇನೆ, ಗೋಡೆಯ ಮೇಲೆ ಉಪ್ಪು ಬೆಳ್ಳಗೆ ಹೂ ಬಿಟ್ಟಿದೆ, ಹೋದ ಸಲವೂ ಇಲ್ಲೇ ನಿಂತಿದ್ದೆ, ಅದರ ಹಿಂದಿನ ಸಲವೂ, ಎರಡು ಸಲವೂ ಹಗ್ಗ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಬರಿದಾಗಿ ಬಂದಿತ್ತು. ಕಪ್ಪೆಚಿಪ್ಪಿನ ಮರಿ ಸಾಕುವುದು ಏನು ಮಹಾ, ಅಪ್ಪನ ಷೆಡ್ಡಿದೆ, ಪಕ್ಕದಲ್ಲೇ ಸಮುದ್ರ, ನೀನು ಅದನ್ನೇ ಓದಿದ್ದೀಯ, ಮರಿ ನೀನು ಸಾಕು, ಮರಿ ಕೂತ ಹಗ್ಗ ನಾನು ಮಾರ್ತೀನಿ — ಎಷ್ಟು ಸಲೀಸಾಗಿ ಅಂದಿದ್ದಳು ಅಕ್ಕ. ಮರಿಗಳು ಹುಟ್ಟುತ್ತಿದ್ದವು, ಈಜುತ್ತಿದ್ದವು, ನೀರಿಗೆ ಕಾಳುಮೆಣಸಿನ ಪುಡಿ ಎರಚಿದ ಹಾಗೆ ತೊಟ್ಟಿ ತುಂಬ ಅವೇ, ಆಮೇಲೆ ಈಜು ಬಿಟ್ಟು ಹಗ್ಗಕ್ಕೆ ಅಂಟಿಕೊಳ್ಳುವ ಹೊತ್ತು ಬಂತೋ, ಅರ್ಧಕ್ಕರ್ಧ ಸತ್ತು ತಳ ಸೇರುತ್ತಿದ್ದವು, ಅಂಟಿಕೊಂಡವೂ ಹಿಡಿತ ಬಿಟ್ಟು ತೇಲಿಹೋಗುತ್ತಿದ್ದವು, ಊಟ ಸರಿಯಿಲ್ಲವೆಂದು ಮುನಿಸಿಕೊಂಡು ಎದ್ದುಹೋಗುವ ಅಳಿಯನ ಹಾಗೆ.

ಊಟವೇ, ಹೌದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾಗ ಹೊಳೆದದ್ದು ಅದೇ, ಮರಿಯ ಹೊಟ್ಟೆ ಹಸಿರಾಗಿ ತುಂಬಿದೆ, ಆದರೆ ಒಳಗೆ ಮಿನುಗಬೇಕಾದ ಎಣ್ಣೆಯ ಹನಿಗಳೇ ಇಲ್ಲ, ಈಜು ಬಿಟ್ಟು ಮೈ ಬದಲಿಸುವ ದಿನಗಳಲ್ಲಿ ಅವಕ್ಕೆ ತಿನ್ನಲಾಗುವುದಿಲ್ಲ, ಕೂಡಿಟ್ಟ ಆ ಎಣ್ಣೆಯ ಮೇಲೇ ಜೀವ ಹಿಡಿಯಬೇಕು, ನಾವೋ ಸುಲಭಕ್ಕೆ ಬೆಳೆಯುತ್ತದೆಂದು ಹಸಿರು ಪಾಚಿಯನ್ನು ಬಕೆಟ್ಟುಗಟ್ಟಲೆ ಸುರಿದೆವು, ಹೊಟ್ಟೆ ತುಂಬ ಗಂಜಿತಿಳಿ. ಬೇಕಾಗಿದ್ದದ್ದು ಎಣ್ಣೆಯಂಶವಿರುವ ಹೊಂಬಣ್ಣದ ಪಾಚಿ, ಮಹಾ ನಾಜೂಕಿನದು, ಸೆಕೆಯಾದರೆ ಸಾಯುತ್ತದೆ, ಜಾಡಿ ಕೊಳೆಯಾದರೆ ಸಾಯುತ್ತದೆ, ನಾನು ಸೀನಿದರೂ ಸಾಯುತ್ತದೇನೋ ಅಂತ ಅಕ್ಕ. ಸತ್ತಿತು ಕೂಡ, ಒಂದಲ್ಲ ಎರಡು ಸಲ. ಕೊನೆಗೆ ಜಾಡಿಗಳನ್ನು ಮಲಗುವ ಕೋಣೆಗೇ ತಂದೆ, ಏಸಿ ಅವಕ್ಕೆ, ದೀಪ ಅವಕ್ಕೆ, ಇವರು ದಿಂಬು ಎತ್ತಿಕೊಂಡು ಹೊರಗೆ ಹೊರಟವರು ಬಾಗಿಲಲ್ಲಿ ನಿಂತು, ಈ ನಿನ್ನ ಮಕ್ಕಳಿಗೆ ಮದುವೆ ಮಾಡಿ ಕಳಿಸಿದ ಮೇಲೆ ಹೇಳು, ವಾಪಸ್ ಬರ್ತೀನಿ ಅಂದರು, ಮಾರನೆಯ ಬೆಳಿಗ್ಗೆ ನೋಡಿದರೆ ಜಾಡಿಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಾಡಿಸುತ್ತಾ ನಿಂತಿದ್ದಾರೆ. ಅಕ್ಕ ಮಾತ್ರ ನಗಲಿಲ್ಲ. ಇದೇ ಕೊನೆ ಕಣೇ, ಇದೂ ಕೈಕೊಟ್ಟರೆ ಷೆಡ್ಡು ಬಿಟ್ಟುಕೊಡೋಣ, ನಾನು ಮೀನು ಪ್ಯಾಕ್ ಮಾಡೋ ಕೆಲಸಕ್ಕೆ ಹೋಗ್ತೀನಿ, ದನಿಯಲ್ಲಿ ಕೋಪವೇ ಇರಲಿಲ್ಲ, ಅದೇ ನನ್ನನ್ನು ಕೊರೆದದ್ದು. ಆಗಲಿ, ಅಂದೆ, ಆದರೆ ಮೊದಲನೇ ತೊಟ್ಟಿಗೆ ಹಳೇ ಊಟಾನೇ ಇರಲಿ, ಮಿಕ್ಕವಕ್ಕೆ ಎರಡೂ ಪಾಚಿ ಬೆರೆಸಿ ಕೊಡ್ತೀನಿ, ಇಲ್ಲದಿದ್ರೆ ನಾಳೆ ಗೆದ್ದರೂ ಅದೃಷ್ಟ ಅಂತೀಯ. ನಾನ್ಯಾಕೆ ಹಾಗಂತೀನಿ. ಅಂತೀಯ, ನಿನ್ನನ್ನ ನಾನು ನೋಡಿಲ್ವಾ.

ಒದ್ದೆ ಹಗ್ಗ ನೆಲಕ್ಕೆ ಬಿದ್ದ ಸದ್ದು — ಮೊದಲನೆಯ ತೊಟ್ಟಿಯದು, ಬರಿದು, ತಿರುಗದೆಯೇ ಗೊತ್ತು, ಅಕ್ಕನ ಚಪ್ಪಲಿ ಪಚಪಚ ಎನ್ನುತ್ತಾ ಎರಡನೆಯ ತೊಟ್ಟಿಗೆ ಹೋಗುತ್ತಿದೆ, ಅಲ್ಲಿ ಮರಿ ಕೂತದ್ದನ್ನು ವಾರದ ಹಿಂದೆಯೇ ನೋಡಿದ್ದೇನೆ, ಅವಳಿಗೆ ಹೇಳಿಲ್ಲ, ಕೂರುವುದು ಬೇರೆ, ಉಳಿಯುವುದು ಬೇರೆ, ಸುಳ್ಳು ಆಸೆಯನ್ನು ಅವಳಿಗೆ ಇನ್ನೊಮ್ಮೆ ಹೇಗೆ ಕೊಡಲಿ, ನೀರು ಸುರಿಯುವ ಸದ್ದು, ಹಗ್ಗ ಮೇಲೆ ಬರುತ್ತಿದೆ, ಈಗ ತಿರುಗುತ್ತೇನೆ. ಕಪ್ಪು. ತುದಿಯಿಂದ ತುದಿಗೆ ಕಪ್ಪು. ಥೂ ಕೆಸರು ಹಿಡಿದಿದೆ, ಅನ್ನುತ್ತಾಳೆ, ಹೆಬ್ಬೆರಳಿನಿಂದ ಉಜ್ಜುತ್ತಾಳೆ, ಹೋಗುವುದಿಲ್ಲ, ನಲ್ಲಿ ಪೂರ್ತಿ ತಿರುಗಿಸಿ ಹಗ್ಗವನ್ನು ನೀರಿನ ರಭಸಕ್ಕೆ ಹಿಡಿಯುತ್ತಾಳೆ, ಹಿಂದಿನವು ತೊಟ್ಟಿಯ ನೀರಲ್ಲೇ ಹಿಡಿತ ಬಿಟ್ಟಿದ್ದವು, ಇವು ಒಂದೂ ಬೀಳುವುದಿಲ್ಲ, ಮೂರನೆಯ ತೊಟ್ಟಿಯದೂ ಕಪ್ಪು, ನಾಲ್ಕನೆಯದು ಇನ್ನೂ ದಟ್ಟ, ಎಳ್ಳಿನಷ್ಟು ಎಳ್ಳಿನಷ್ಟು ಮರಿಗಳು, ಪ್ರತಿಯೊಂದಕ್ಕೂ ಹಗ್ಗ ಹಿಡಿಯಲು ತನ್ನದೇ ನೂಲು, ತನ್ನದೇ ಪುಟ್ಟ ಚಿಪ್ಪು, ಗೆದ್ದೆ, ನಾನು ಗೆದ್ದೆ, ಇಲ್ಲ ಇವು ಗೆದ್ದವು, ಉಂಡು ಗೆದ್ದವು, ಅಕ್ಕ ಒದ್ದೆ ನೆಲದಲ್ಲೇ ಕುಕ್ಕರಿಸಿದ್ದಾಳೆ, ಹಗ್ಗ ಕೊಂಡು ಸಮುದ್ರದಲ್ಲಿ ಸಾಕುವವರಿಗೆ ಫೋನ್ ಮಾಡು, ದೋಣಿ ತರಲಿ ಅನ್ನುತ್ತಿದ್ದೇನೆ, ಕೇಳಿಸುತ್ತಿಲ್ಲ ಅವಳಿಗೆ, ಕೂತಿವೆ ಕಣೇ, ಅನ್ನುತ್ತಾಳೆ, ನನಗಲ್ಲ, ಹಗ್ಗಕ್ಕೆ, ಕೂತುಬಿಟ್ಟಿವೆ — ಮತ್ತೆ ಹೆಬ್ಬೆರಳು, ಈಗ ಮೆಲ್ಲಗೆ, ಮಗುವಿನ ಕೆನ್ನೆ ಒರೆಸಿದ ಹಾಗೆ, ಒಂದೇ ಒಂದು ಕಪ್ಪು ಚುಕ್ಕೆಯ ಮೇಲೆ, ಉಜ್ಜುತ್ತಾಳೆ, ಕದಲುವುದಿಲ್ಲ, ಉಜ್ಜುತ್ತಾಳೆ, ಹೆಬ್ಬೆರಳು, ಅದರಡಿ ಚುಕ್ಕೆ, ಕದಲುವುದಿಲ್ಲ