ಮೆಣಸಿನಕಾಳಿನಷ್ಟು ಗಂಟು

ದರ್ಜಿಗೆ ನಾಯಿ ಬೇಡವಾಗಿತ್ತು. ಮಗಳು ಹಟ ಹಿಡಿದಳು, ಹೆಂಡತಿ ಮಗಳ ಪಕ್ಷ ಸೇರಿದಳು, ಅಲ್ಲಿಗೆ ಅವನ ಮಾತು ಮುಗಿಯಿತು. ಟೆರಿಯರ್ ಜಾತಿ, ಅದರಲ್ಲೂ ತೀರಾ ಸಾಧು ತಳಿ ಎಂದಿದ್ದ ಮಾರಿದವನು. ಸುಳ್ಳಲ್ಲ. ಇದರ ಮುತ್ತಜ್ಜಂದಿರು ಇಲಿ ಹಿಡಿದು ಕುತ್ತಿಗೆ ಮುರಿಯುತ್ತಿದ್ದರಂತೆ. ಇದೋ, ಮಗಳು ಹೊಲಿದುಕೊಟ್ಟ ಬಟ್ಟೆಯ ಇಲಿಯನ್ನು ನೆಕ್ಕಿ ನೆಕ್ಕಿ ಮಲಗಿಸುತ್ತಿತ್ತು. ಬಿಳಿ ಕೂದಲಿನ ಮುದ್ದೆ, ಹೆಸರು ಅರಳೆ. ಆ ಕೂದಲನ್ನು ದಿನಾ ಬಾಚದಿದ್ದರೆ ಸಿಕ್ಕುಗಟ್ಟುತ್ತದೆ. ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋದಮೇಲೆ ಬಾಚುವವರು ಯಾರು? ಬೇಡ ಅಂದವನೇ.

ಆ ದಿನ ಬೆಳಿಗ್ಗೆ ಮಗಳು ಇಲಿಯ ಹರಿದ ಕಿವಿ ಹೊಲಿಯುತ್ತೇನೆಂದು ಸೂಜಿಗೆ ದಾರ ಪೋಣಿಸಿ ಗಂಟು ಹಾಕಿಕೊಂಡಿದ್ದಳು. "ಇದು ಗಂಟೋ, ಮೆಣಸಿನಕಾಳೋ?" ಎಂದು ದರ್ಜಿ ನಕ್ಕಿದ್ದ. ಅಷ್ಟರಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. "ಸಾಕು, ಬಿಡು, ಓಡು! ಸಣ್ಣ ಗಂಟು ಹಾಕೋದು ಸಂಜೆ ಹೇಳ್ಕೊಡ್ತೀನಿ," ಎಂದು ಅವನೇ ಅವಸರ ಮಾಡಿ ಕಳಿಸಿದ್ದ.

ಮಧ್ಯಾಹ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು ಬಾಚುವಾಗ ಅರಳೆಯ ಗಡ್ಡದಲ್ಲಿ ಬಾಚಣಿಗೆ ಸಿಕ್ಕಿಕೊಂಡಿತು. ಇನ್ನೊಂದು ಸಿಕ್ಕು ಎಂದು ಕತ್ತರಿ ಎತ್ತಿದ. ಹತ್ತಿರದಿಂದ ನೋಡಿದರೆ ಅದು ಬರೀ ಕೂದಲಲ್ಲ, ದಾರ. ಬಿಳಿ ಗಡ್ಡದೊಳಗೆ ಬಿಳಿ ದಾರ, ತುಟಿಯ ಸಂದಿಯಿಂದ ಬಾಯೊಳಗೆ ಹೋಗಿತ್ತು. ದಾರ ಕಂಡರೆ ಎಳೆಯದೆ ಬಿಡುವ ದರ್ಜಿ ಇನ್ನೂ ಹುಟ್ಟಿಲ್ಲ. ಮೆಲ್ಲಗೆ ಎಳೆದ. ಬೊಗಳುವುದಕ್ಕೂ ನಾಚಿಕೊಳ್ಳುವ ಅರಳೆ ಕಿರುಚಿಕೊಂಡಿತು.

ದಾರದ ಆ ತುದಿಯಲ್ಲಿ ಏನಿರುತ್ತದೆಂದು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗಷ್ಟೇ ಕೋಟಿಗೆ ಗುಂಡಿ ಹಚ್ಚುತ್ತಿದ್ದ ಸೂಜಿ ಎಲ್ಲಿ? ಡಬ್ಬಿಯಲ್ಲಿಲ್ಲ, ಮೇಜಿನ ಮೇಲಿಲ್ಲ, ನೆಲದ ಮೇಲೂ ಇಲ್ಲ. ನನ್ನದೇ ಸೂಜಿ, ನಾನೇ ಕೊಂದೆ ಅಂದುಕೊಂಡ. ಫೋನಿಗೆ ಕೈ ಹಾಕಿದ.

"ಡಾಕ್ಟ್ರಮ್ಮ, ನಮ್ಮ ನಾಯಿ ಸೂಜಿ ನುಂಗಿದೆ. ದಾರ ಹೊರಗೇ ಇದೆ. ಎಳೀಲಾ?"

"ಎಳೀಬೇಡಿ!" ನಾಯಿ ಡಾಕ್ಟರಮ್ಮ ಆ ಕಡೆಯಿಂದ ಕೂಗಿದರು. "ಕತ್ತರಿಸಲೂಬೇಡಿ. ಎಳೆದ್ರೆ ಗಂಟಲು ಹರಿಯುತ್ತೆ, ಕತ್ತರಿಸಿದ್ರೆ ಸೂಜಿ ಕರುಳಿಗೆ ಇಳಿಯುತ್ತೆ. ತುದಿ ಒಳಗೆ ಹೋಗದ ಹಾಗೆ ನೋಡ್ಕೊಂಡು ಈಗಲೇ ಕರ್ಕೊಂಡು ಬನ್ನಿ."

ಎಳೆಯುವಂತಿಲ್ಲ, ಬಿಡುವಂತಿಲ್ಲ, ಅತ್ತ ದರಿ, ಇತ್ತ ಪುಲಿ.

ಪ್ಯಾಂಟು ಒಯ್ಯಲು ಬಂದ ಟ್ಯಾಕ್ಸಿಯವನು ಬಾಗಿಲಲ್ಲೇ ನಿಂತು, "ಏನ್ ಟೈಲರ್ ಸಾಹೇಬ್ರೆ, ಇವತ್ತೂ ನಾಳೆ ಬಾ ಅಂತೀರಾ?" ಎಂದ. ದರ್ಜಿಯ ಮುಖ ನೋಡಿ ನಗು ನಿಂತಿತು. "ಬನ್ನಿ, ಗಾಡಿ ಹತ್ತಿ."

ಹಿಂದಿನ ಸೀಟಿನಲ್ಲಿ ಅರಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಡ್ಡವನ್ನೂ ದಾರವನ್ನೂ ಒಟ್ಟಿಗೆ ಬೆರಳಲ್ಲಿ ಹಿಡಿದಿದ್ದ. ಅದು ಎಂಜಲು ನುಂಗಿದಾಗಲೆಲ್ಲ ದಾರ ಒಂದಿಷ್ಟು ಒಳಗೆ ಜಗ್ಗುತ್ತಿತ್ತು. ಅವನಿಗೆ ಜೀವವೇ ಬಾಯಿಗೆ ಬರುತ್ತಿತ್ತು. "ನುಂಗಬೇಡ ಕಂದ, ನುಂಗಬೇಡ." ಮಗಳನ್ನು ಬಿಟ್ಟು ಇನ್ಯಾರನ್ನೂ ಅವನು ಕಂದ ಎಂದವನಲ್ಲ. ಅಷ್ಟು ನೋವಿನಲ್ಲೂ ಅರಳೆ ಅವನ ಕೈ ನೆಕ್ಕಲು ನಾಲಿಗೆ ಚಾಚಿತು, ದಾರ ಬಿಗಿಯಿತು. ಕಚ್ಚುವ ನಾಯಿಯಾಗಿದ್ದರೂ ಇಷ್ಟು ಹೆದರುತ್ತಿರಲಿಲ್ಲವೇನೋ. ಇದರ ಸಾಧುತನವೇ ಅವನನ್ನು ನಡುಗಿಸಿತು. ಸಂಜೆ ಮಗಳು ಬಂದು ಅರಳೆ ಎಲ್ಲಿ ಅಂದರೆ ಏನು ಹೇಳುವುದು?

ಆಸ್ಪತ್ರೆಯಲ್ಲಿ ನಾಯಿಯನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡರು. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ ಅನ್ನುತ್ತಾರಲ್ಲ, ಅವನು ಕಾದು ಕೂತಿದ್ದದ್ದೂ ಆ ಸದ್ದಿಗೇ. ಬಹಳ ಹೊತ್ತು ಏನೂ ಬೀಳಲಿಲ್ಲ. ಒಳಗಿನಿಂದ ಅರಳೆಯ ಕುಂಯ್ ಕೂಡ ಇಲ್ಲ. ಸತ್ತೇಹೋಯಿತು ಎಂದು ಕಣ್ಣು ಮುಚ್ಚಿದ.

ಟಿಣ್ ಎಂದಿತು, ಸ್ಟೀಲ್ ತಟ್ಟೆ.

ಡಾಕ್ಟರಮ್ಮ ಆ ತಟ್ಟೆ ಹಿಡಿದೇ ಹೊರಗೆ ಬಂದರು. "ಬದುಕ್ತು. ನಾಲಿಗೆ ಬುಡದಲ್ಲಿ ಚುಚ್ಕೊಂಡಿತ್ತು. ಈ ಗಂಟು ಗಡ್ಡಕ್ಕೆ ಸಿಕ್ಕಿಕೊಂಡಿದ್ದಕ್ಕೆ ಬಚಾವ್. ಗಂಟು ಚಿಕ್ಕದಾಗಿದ್ರೆ ಜಾರಿ, ಸೂಜಿ ಯಾವಾಗ್ಲೋ ಹೊಟ್ಟೆ ಸೇರ್ತಿತ್ತು."

ದರ್ಜಿ ಕುತ್ತಿಗೆಯ ಬೆವರು ಒರೆಸಿಕೊಳ್ಳಲು ಕೈ ಹಾಕಿದ. ಚುರ್ ಎಂದಿತು. ಅವನ ಸೂಜಿ ಅವನ ಕಾಲರಿನಲ್ಲೇ ಇತ್ತು! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ತಟ್ಟೆಯತ್ತ ಬಗ್ಗಿ ನೋಡಿದ. ದಾರದ ತುದಿಯಲ್ಲಿ ಮೆಣಸಿನಕಾಳಿನಷ್ಟು ಗಂಟು.

ಸಂಜೆ ಮಗಳು ಮಂಪರಿನಲ್ಲಿದ್ದ ಅರಳೆಯ ತಲೆ ಸವರುತ್ತ ಕೂತಳು. ಮಿಷನ್ನಿನ ಕೆಳಗೆ ಬಿದ್ದಿದ್ದ ಬಟ್ಟೆ ಇಲಿಯನ್ನು ಒಮ್ಮೆ ನೋಡಿದಳು. ಮುಖ ಬಿಳಿಚಿತ್ತು.

"ಅಪ್ಪ, ಯಾರ ಸೂಜಿ ಅದು?"

"ನಂದು," ಎಂದ ದರ್ಜಿ. "ಇನ್ಮೇಲೆ ಇಬ್ರೂ ಸೂಜೀನ ಡಬ್ಬಿಗೇ ಹಾಕೋಣ."

ಅವಳು ಉಸಿರು ಬಿಟ್ಟಳು. ಇಲಿಯನ್ನು ಎತ್ತಿಕೊಂಡು, "ಸಣ್ಣ ಗಂಟು ಹಾಕೋದು ಹೇಳ್ಕೊಡ್ತೀನಿ ಅಂದಿದ್ದೆ ಅಲ್ವಾ?" ಎಂದಳು.

"ಬೇಡ ಕಂದ," ಎಂದ. "ನೀನು ದೊಡ್ಡದಾಗೇ ಹಾಕು."